ಕಡಲ ಹೊಲದ ಕೋರು

ಮುಂಬಯಿಯ ತೀರದಲ್ಲಿ ನಿಂತು ಪಡುವಣಕ್ಕೆ ನೋಡುವ ನಮಗೆ ಕಾಣುವುದು ಬರಿಯ ನೀರು. ಅಲ್ಲಿಂದ ಸುಮಾರು 160 ಕಿಲೋಮೀಟರ್ ಆಚೆ, 1974ರ ಫೆಬ್ರವರಿಯಲ್ಲಿ, ‘ಸಾಗರ ಸಮ್ರಾಟ್’ ಕೊರೆದ ಬಾವಿಯಲ್ಲಿ ತೈಲ ಸಿಕ್ಕಿತು. ಬಾಂಬೆ ಹೈ ಕ್ಷೇತ್ರದ ಉತ್ಪಾದನೆ 1976ರ ಮೇ ತಿಂಗಳಲ್ಲಿ ಆರಂಭವಾಯಿತು. ಈ ಸಾಹಸದ ಕಥೆಯನ್ನು ನಾವು ಕೇಳಿದ್ದೇವೆ. ಕಡಲನ್ನು ಸರಕಾರ ಯಾರಿಗೆ, ಯಾವ ಷರತ್ತಿನ ಮೇಲೆ ಒಪ್ಪಿಸಿತೆಂಬ ಕಥೆ ಮಾತ್ರ ಕಡತಗಳಲ್ಲೇ ಉಳಿದಿದೆ.

ಸಂವಿಧಾನದ 297ನೆಯ ವಿಧಿಯಂತೆ ಈ ಕಡಲತಳದ ಸಂಪತ್ತು ಒಕ್ಕೂಟದ್ದು. 1948ರ ತೈಲಕ್ಷೇತ್ರ ಕಾಯಿದೆ ಮತ್ತು 1959ರ ನಿಯಮಗಳಡಿ ಶೋಧನೆಗೆ ಪರವಾನಗಿ, ಉತ್ಪಾದನೆಗೆ ಗುತ್ತಿಗೆ ಕೊಡಲಾಗುತ್ತಿತ್ತು. ಮೊದಮೊದಲು ಒಎನ್‌ಜಿಸಿಗೆ ಹರಾಜಿಲ್ಲದೆಯೇ ಕ್ಷೇತ್ರಗಳು ದೊರೆಯುತ್ತಿದ್ದವು. ಕೊಡುವವನೂ ಪಡೆಯುವವನೂ ಸರಕಾರವೇ ಆಗಿದ್ದಾಗ ಪಾಲಿನ ಪ್ರಶ್ನೆ ಅಷ್ಟು ತೀವ್ರವಾಗಿರಲಿಲ್ಲ. 1994ರಲ್ಲಿ ಒಎನ್‌ಜಿಸಿ ಕಂಡುಹಿಡಿದಿದ್ದ ಪನ್ನಾ-ಮುಕ್ತಾ ಮತ್ತು ತಾಪ್ತಿ ಕ್ಷೇತ್ರಗಳಲ್ಲಿ ಎನ್ರಾನ್, ರಿಲಯನ್ಸ್ ಕಂಪನಿಗಳು ಪಾಲುದಾರರಾದವು. 1999ರಲ್ಲಿ ಜಾರಿಗೆ ಬಂದ ಹೊಸ ಶೋಧನಾ ನೀತಿ ಎಲ್ಲರನ್ನೂ ಹರಾಜಿನ ಒಂದೇ ಸಾಲಿನಲ್ಲಿ ನಿಲ್ಲಿಸಿತು.

ಆ ನೀತಿಯ ತಿರುಳನ್ನು ನಮ್ಮ ಹಳ್ಳಿಯ ಕೋರಿನ ಭಾಷೆಯಲ್ಲಿ ಹೇಳಬಹುದು. ಉಳುವವನು ಬೀಜ, ಎತ್ತು, ಕೂಲಿಯ ವೆಚ್ಚವನ್ನು ಮೊದಲು ತೆಗೆದುಕೊಂಡು, ಮಿಕ್ಕಿದ್ದನ್ನು ಒಡೆಯನೊಡನೆ ಹಂಚಿಕೊಳ್ಳುತ್ತಾನೆ. ಹೂಡಿದ ಹಣಕ್ಕೆ ಎಷ್ಟು ಪಟ್ಟು ಆದಾಯ ಬಂತೆಂಬುದರ ಮೇಲೆ ಸರಕಾರದ ಪಾಲು ಏರುತ್ತದೆ. 100 ರೂಪಾಯಿ ಹೂಡಿ 200 ಬಂದರೆ ಗುಣಕ 2. ಹೂಡಿಕೆ 160 ಎಂದಾದರೆ ಅದೇ 200ಕ್ಕೆ ಗುಣಕ 1.25. ವೆಚ್ಚ ಹಿಗ್ಗಿದಷ್ಟೂ ಒಡೆಯನ ಸರದಿ ತಡವಾಗುತ್ತದೆ.

ಈ ಇಕ್ಕಟ್ಟು ಬಯಲಾದದ್ದು ಕೃಷ್ಣಾ-ಗೋದಾವರಿ ಕಡಲಿನ ಡಿ-6 ಬ್ಲಾಕಿನಲ್ಲಿ. ಅಭಿವೃದ್ಧಿ ವೆಚ್ಚದ ಅಂದಾಜು 2004ರಲ್ಲಿ 240 ಕೋಟಿ ಡಾಲರ್. 2006ರ ಪರಿಷ್ಕೃತ ಯೋಜನೆಯಲ್ಲಿ 880 ಕೋಟಿ. ಉದ್ದೇಶಿತ ಉತ್ಪಾದನೆ ಇಮ್ಮಡಿಯಾಗಿತ್ತೆಂಬುದನ್ನೂ ಹೇಳಬೇಕು. ಆದರೂ 2011ರಲ್ಲಿ ಮಹಾಲೇಖಪಾಲರ ವರದಿ ಒಪ್ಪಂದದ ಈ ರಚನೆಯನ್ನೇ ಪ್ರಶ್ನಿಸಿತು; 2012ರಲ್ಲಿ ರಂಗರಾಜನ್ ಸಮಿತಿ ವೆಚ್ಚದ ಲೆಕ್ಕವನ್ನೇ ಬಿಟ್ಟು ಆದಾಯದಲ್ಲಿ ನೇರ ಪಾಲು ಪಡೆಯಲು ಸಲಹೆಯಿತ್ತಿತು. 2016ರ ನೀತಿ ಅದನ್ನು ಒಪ್ಪಿತು. ಎಂದರೆ, ಕಣದಲ್ಲಿ ರಾಶಿಯಾದೊಡನೆ ಒಡೆಯನ ಪಾಲನ್ನು ಅಳೆದುಬಿಡುವುದು.

ಇದರಲ್ಲಿ ಸರಕಾರ ವೆಚ್ಚದ ಕಾವಲಿನಿಂದ ಪಾರಾಯಿತು; ನಷ್ಟದ ಭಯ ಪೂರ್ತಿಯಾಗಿ ಉಳುವವನ ಹೆಗಲೇರಿತು. 2018ರ ಮೊದಲ ಸುತ್ತಿನ 55 ಬ್ಲಾಕುಗಳಲ್ಲಿ 41 ಒಂದೇ ಕಂಪನಿಗೆ, ವೇದಾಂತಕ್ಕೆ, ಹೋದವು. ಮರುವರ್ಷವೇ ಸರಕಾರ, ಇನ್ನೂ ಉತ್ಪಾದನೆ ಆರಂಭವಾಗದ ಜಲಾನಯನಗಳಲ್ಲಿ, ಅಸಾಧಾರಣ ಲಾಭ ಬಂದ ಹೊರತು ಆದಾಯದ ಪಾಲನ್ನೇ ಬಿಟ್ಟುಕೊಟ್ಟು, ಶೋಧನೆಯ ಕೆಲಸವನ್ನಷ್ಟೇ ಕೇಳಿತು.

2019ರ ಡಿಸೆಂಬರಿನಲ್ಲಿ 25 ವರ್ಷಗಳ ಅವಧಿ ಮುಗಿದು ಪನ್ನಾ-ಮುಕ್ತಾ ಒಎನ್‌ಜಿಸಿಗೆ ಮರಳಿತು. ಕೋರಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಒಂದು ವರ್ಷ ಪಾಲಿನಲ್ಲಿ ಮೋಸಹೋದ ಒಡೆಯನಿಗೆ ಮರುವರ್ಷದ ಬೆಳೆಯಿದೆ, ತೈಲಕ್ಕೆ ಮರುಬಿತ್ತನೆಯಿಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಬರೆಯುವ ಒಂದು ಷರತ್ತು, ಆಮೇಲೆ ಬರೆಯುವ ಹತ್ತು ವರದಿಗಳಿಗಿಂತ ತೂಕದ್ದೆಂದು ನಾವು ಭಾವಿಸುತ್ತೇವೆ.