ಸ್ಕೂಟರ್ ಹಿಂದೆ ಕೂತ ಕವಿ

ಬೀದರಿನ ನಾನಕ್ ಝಿರಾ ಗುರುದ್ವಾರಕ್ಕೆ ಪಂಜಾಬಿನಿಂದ ಜನ ಬರೋದನ್ನ ಭಾಲ್ಕಿ, ಔರಾದ್ ಕಡೆಯವ್ರೂ ನೋಡಿರ್ತೀರಿ. ಸಿಖ್ಖರ ಪಂಜ್ ಪ್ಯಾರೇಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರೇ. ಇವತ್ತಿನ ಕಥೆಯೂ ಪಂಜಾಬಿನದೇ: ಕವಿ ಅಮೃತಾ ಪ್ರೀತಮ್, ಚಿತ್ರಕಾರ ಇಮ್ರೋಜ್.

ಅಮೃತಾ ಹುಟ್ಟಿದ್ದು 1919ರಲ್ಲಿ. ಹದಿಹರೆಯದಲ್ಲೇ ಮದುವೆ, ಆಮೇಲೆ ಎರಡು ಮಕ್ಕಳು. 1960ರಲ್ಲಿ ಗಂಡನಿಂದ ಬೇರೆಯಾದರು. ಮುಂದೆ ತಮಗಿಂತ ಏಳು ವರ್ಷ ಚಿಕ್ಕವರಾದ ಇಮ್ರೋಜ್ ಜೊತೆ ದೆಹಲಿಯಲ್ಲಿ ಸುಮಾರು ನಲವತ್ತು ವರ್ಷ ಬಾಳಿದರು, ಮದುವೆ ಇಲ್ದೇ. ಆ ಕಾಲಕ್ಕೆ! ನಮ್ಮೂರಲ್ಲಿ ಇಂಥ ಜೋಡಿ ಅಂತ ಹೇಳಿ ಇವತ್ತು ಬಾಡಿಗೆ ಮನೆ ಕೇಳಿ ನೋಡ್ರಿ.

ರೀಲ್ಸ್‌ನಲ್ಲಿ ಓಡಾಡೋದು ಒಂದೇ ಸೀನು. ಸ್ಕೂಟರ್ ಹಿಂದೆ ಕೂತ ಅಮೃತಾ, ಇಮ್ರೋಜ್ ಬೆನ್ನ ಮೇಲೆ ಬೆರಳಿನಿಂದ ‘ಸಾಹಿರ್’ ಅಂತ ಬರೀತಿದ್ದರು. ಸಾಹಿರ್ ಲುಧಿಯಾನ್ವಿ ಆಕೆಯ ಹಳೇ ಪ್ರೀತಿ. ಇದನ್ನ ಹೇಳಿದ್ದು ಸ್ವತಃ ಇಮ್ರೋಜ್, ಒಂಚೂರೂ ಸಿಟ್ಟಿಲ್ಲದೆ. ಕೇಳಿದವ್ರು ‘ಪಾಪ’ ಅಂತಾರೆ. ನಂಗೆ ಹಂಗನಿಸಲ್ಲ. 1966ರಲ್ಲಿ ಶುರುವಾದ ‘ನಾಗಮಣಿ’ ಮಾಸಪತ್ರಿಕೆಗೆ ಆಕೆ ಸಂಪಾದಕಿ, ಚಿತ್ರಗಳು ಇವರದು. ಮೂರು ದಶಕಕ್ಕೂ ಹೆಚ್ಚು ಅದನ್ನ ನಡೆಸಿದರು. ಬರೀ ಕಾಯ್ತಾ ಕೂತ ಮನುಷ್ಯ ಅಲ್ಲ ಅವರು. ಅಮೃತಾಗೆ 1981ರ ಜ್ಞಾನಪೀಠ ತಂದ ಸಂಕಲನದ ಹೆಸರು ‘ಕಾಗಜ್ ತೆ ಕ್ಯಾನ್ವಾಸ್’. ಕಾಗದ ಆಕೆಯದು, ಕ್ಯಾನ್ವಾಸ್ ಯಾರದು ಅಂತ ಬೇರೆ ಹೇಳ್ಬೇಕಾ?

2005ರಲ್ಲಿ ಅಮೃತಾ ತೀರಿಕೊಂಡರು. ಕಾಗದಪತ್ರದ ಲೆಕ್ಕದಲ್ಲಿ ಇಮ್ರೋಜ್ ಗಂಡನೂ ಅಲ್ಲ. ಆದರೆ 2023ರ ಡಿಸೆಂಬರಿನಲ್ಲಿ, 97ರ ವಯಸ್ಸಲ್ಲಿ ಹೋಗೋ ತನಕ, ಆಕೆ ಇಲ್ಲೇ ಇದ್ದಾಳೆ ಅನ್ನೋ ಹಾಗೇ ಮಾತಾಡ್ತಿದ್ದರು. ಆಕೆಗೋಸ್ಕರ ಕವಿತೆನೂ ಬರೆದರು, ಈ ಚಿತ್ರಕಾರ.