ಎಲೆಕ್ಟ್ರೊಫೊರೆಟಿಕ್ ಲೇಪನ: ಇತಿಹಾಸ

ದ್ರವದಲ್ಲಿ ತೇಲುವ, ವಿದ್ಯುದಾವೇಶ ಹೊತ್ತ ಸೂಕ್ಷ್ಮ ಕಣಗಳನ್ನು ವಿದ್ಯುತ್ ಕ್ಷೇತ್ರದಿಂದ ಸೆಳೆದು ವಸ್ತುವಿನ ಮೇಲೆ ಪದರವಾಗಿ ಕೂರಿಸುವ ವಿಧಾನ. ಗಿಲೀಟಿನಲ್ಲಿ ಲೋಹವು ಅಯಾನುಗಳಾಗಿ ಕರಗಿ ಬಂದು ಅಂಟುತ್ತದೆ. ಇಲ್ಲಿ ಪಿಂಗಾಣಿ, ಗಾಜು, ಕಾರ್ಬನ್ ನ್ಯಾನೊನಾಳದಂಥ ಪುಡಿಗಳು ಇದ್ದ ರೂಪದಲ್ಲೇ ಸರಿದು ಬರುತ್ತವೆ. ಕೊಡಗಿನ ಜನರ ಕೈಗೆ ಇದು ಹೆಚ್ಚಾಗಿ ಬಂದದ್ದು ವಾಹನದ ತಗಡಿನ ಮೇಲೆ, ಕಣ್ಣಿಗೆ ಕಾಣದ ತಳಪದರವಾಗಿ.

ಕಥೆ ಶುರುವಾಗುವುದು ಜೇಡಿಮಣ್ಣಿನಿಂದ. 1807ರಲ್ಲಿ ಮಾಸ್ಕೋದ ಪ್ರಾಧ್ಯಾಪಕ ಫರ್ಡಿನಾಂಡ್ ಫ್ರೆಡ್ರಿಕ್ ರಾಯ್ಸ್ ಒದ್ದೆ ಜೇಡಿಯ ಮುದ್ದೆಗೆ ಎರಡು ಗಾಜಿನ ಕೊಳವೆ ಚುಚ್ಚಿ, ತಳಕ್ಕೆ ಮರಳು ಹಾಕಿ, ನೀರು ತುಂಬಿ, ವೋಲ್ಟಾ ಬ್ಯಾಟರಿಯ ತಂತಿಗಳನ್ನು ಇಳಿಬಿಟ್ಟ. ಧನ ತಂತಿಯ ಕೊಳವೆಯಲ್ಲಿ ನೀರು ಕದಡಿತು. ಮಣ್ಣಿನ ಕಣಗಳು ಮರಳನ್ನು ದಾಟಿ ಮೇಲೆ ಬಂದಿದ್ದವು. ಋಣ ತಂತಿಯ ಕಡೆ ನೀರು ತಿಳಿಯಾಗಿಯೇ ಉಳಿದು ಮಟ್ಟ ಏರಿತು. ಕಾರಣ ತಿಳಿಯಲು 1879ರವರೆಗೆ ಕಾಯಬೇಕಾಯಿತು. ಕಣದ ಮೈಯಲ್ಲಿ ಒಂದು ಆವೇಶ, ಅದನ್ನು ಸುತ್ತಿದ ದ್ರವದಲ್ಲಿ ವಿರುದ್ಧ ಆವೇಶ ಎಂಬ ಜೋಡಿ ಪದರದ ಲೆಕ್ಕವನ್ನು ಆ ವರ್ಷ ಭೌತವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕೊಟ್ಟ.

ಕೈಗಾರಿಕೆಯಲ್ಲಿ ಇದಕ್ಕೆ ಬೇಗ ನೆಲೆ ಸಿಕ್ಕಿದ್ದು ರೇಡಿಯೊ ವಾಲ್ವ್‌ಗಳಲ್ಲಿ. ಕೂದಲೆಳೆಯಂಥ ಹೀಟರ್ ತಂತಿಗೆ ಅಲ್ಯುಮಿನಾ, ಕ್ಯಾಥೋಡಿಗೆ ಎಲೆಕ್ಟ್ರಾನ್ ಸೂಸುವ ಆಕ್ಸೈಡು ಬಳಿಯಬೇಕಿತ್ತು. ಅಷ್ಟು ಸಣ್ಣ ಕೆಲಸಕ್ಕೆ ಬ್ರಷ್ ಒಗ್ಗುವುದಿಲ್ಲ. ಫಿಲಿಪ್ಸ್ ಕಂಪನಿಯ ವಿಜ್ಞಾನಿ ಹಮಾಕರ್ 1940ರಲ್ಲಿ ಬರೆದ ಸರಳ ಸೂತ್ರ ಈಗಲೂ ಬಳಕೆಯಲ್ಲಿದೆ: ಕೂತ ಪದರದ ತೂಕ ಕಣಗಳ ಸಾಂದ್ರತೆ, ಅವುಗಳ ಚಲನಶೀಲತೆ, ವಿದ್ಯುತ್ ಕ್ಷೇತ್ರ, ಮೇಲ್ಮೈ ವಿಸ್ತಾರ ಮತ್ತು ಸಮಯಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಕರ್ನಾಟಕದಲ್ಲಿ ವಾಲ್ವ್ ತಯಾರಿಕೆ ಬಂದದ್ದು 1961ರಲ್ಲಿ, ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್‌ನಿಂದ. ಅಷ್ಟರಲ್ಲಿ ಟ್ರಾನ್ಸಿಸ್ಟರ್ ಕಾಲಿಟ್ಟಿತ್ತು.

ದೊಡ್ಡ ಜಿಗಿತ ಬಣ್ಣದ್ದು. ಅಮೆರಿಕದ ಫೋರ್ಡ್ ಕಂಪನಿಯಲ್ಲಿ ಜಾರ್ಜ್ ಬ್ರೂವರ್ ತಂಡ 1960ರ ದಶಕದ ಆರಂಭದಲ್ಲಿ ಕಾರಿನ ಬಿಡಿಭಾಗಗಳನ್ನೂ ಆಮೇಲೆ ಇಡೀ ಬಾಡಿಯನ್ನೂ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟು ಹಾಯಿಸಿತು. ಆಗ ಬಾಡಿಯೇ ಧನ ಧ್ರುವ. ಉಕ್ಕು ಸ್ವಲ್ಪ ಕರಗಿ ಪದರಕ್ಕೆ ಸೇರಿಕೊಳ್ಳುತ್ತಿತ್ತು. 1970ರ ದಶಕದಲ್ಲಿ ಧ್ರುವ ತಿರುಗಿಸಿ ಬಾಡಿಯನ್ನೇ ಋಣ ಧ್ರುವ ಮಾಡಿದರು. ಕಾರ್ಖಾನೆಯವರ ಬಾಯಲ್ಲಿ ಇದು ಸಿಇಡಿ (ಕ್ಯಾಥೋಡಿಕ್ ಎಲೆಕ್ಟ್ರೊ ಡಿಪೊಸಿಷನ್). ತೊಟ್ಟಿಯಲ್ಲಿರುವುದು ಬಹುಪಾಲು ನೀರೇ. ಕೆಲವು ನೂರು ವೋಲ್ಟ್, ಎರಡು ಮೂರು ನಿಮಿಷ, ಸುಮಾರು 20 ಮೈಕ್ರಾನ್ ಪದರ, ಆಮೇಲೆ ಒಲೆಯಲ್ಲಿ ಬೇಯಿಸುವುದು. ಕೂತ ಪದರ ವಿದ್ಯುತ್ತಿಗೆ ತಡೆಯಾಗುವುದರಿಂದ ಕರೆಂಟು ಇನ್ನೂ ಬರಿದಾಗಿರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಬಾಗಿಲಿನ ಒಳಮಡಿಕೆ, ಪೆಟ್ಟಿಗೆಯಂಥ ಸೆಕ್ಷನ್ನು, ಎಲ್ಲಿಗೂ ಅದು ಒಳನುಗ್ಗುತ್ತದೆ. (ಕಟ್ಟುನಿಟ್ಟಾಗಿ ನೋಡಿದರೆ ಇಲ್ಲಿ ಎಲೆಕ್ಟ್ರೊಫೊರೆಸಿಸ್‌ನ – ಕಣಗಳ ಸರಿದಾಟದ – ಪಾಲು ಭಾಗಶಃ ಮಾತ್ರ, ಋಣ ಧ್ರುವದ ಬಳಿ ನೀರು ವಿಭಜನೆಯಾಗಿ ಕ್ಷಾರವಾದಾಗ ರಾಳ ಹೆಪ್ಪುಗಟ್ಟುತ್ತದೆ.)

ಒಳಮಡಿಕೆಗೂ ನುಗ್ಗುವ ಈ ಗುಣದ ಬೆಲೆ ಗೊತ್ತಾಗುವುದು ಕೊಡಗಿನಲ್ಲಿ. ಮಡಿಕೇರಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ತಗಡು ಒಣಗುವ ಮಾತೇ ಇಲ್ಲ. ಸ್ಪ್ರೇ ಪ್ರೈಮರ್ ಕಾಲದ ತೋಟದ ಜೀಪುಗಳಲ್ಲಿ ತುಕ್ಕು ಹತ್ತುತ್ತಿದ್ದದ್ದು ಹೊರಮೈಗಲ್ಲ, ಕೆಸರು ನಿಲ್ಲುವ ಒಳಸಂದಿಗಳಿಗೆ. ಹೊರಗೆ ಗುಳ್ಳೆ ಎದ್ದು ಕಾಣುವಷ್ಟರಲ್ಲಿ ಟಿಂಕರಿಂಗ್ ಬಿಟ್ಟರೆ ದಾರಿಯಿರಲಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಗೆ ಉತ್ಪಾದನೆ ಆರಂಭಿಸುವ ಹೊತ್ತಿಗೆ ಮುಳುಗಿಸಿ ಬಳಿಯುವುದೇ ಕಾರು ಉದ್ಯಮದ ವಾಡಿಕೆಯಾಗಿತ್ತು. ಹಾಗೆಂದು ಕಲ್ಲು ತಾಗಿ ಉಕ್ಕು ಬಯಲಾದ ಜಾಗವನ್ನು ಈ ಪದರ ಕಾಯಲಾರದು.

ಸುಧಾರಿತ ವಸ್ತುಗಳ ಅಧ್ಯಾಯ 1980ರ ದಶಕದಿಂದೀಚೆಗೆ ತೆರೆದುಕೊಂಡಿತು: ಮೂಳೆಯೊಂದಿಗೆ ಬೆಸೆಯಲೆಂದು ಟೈಟಾನಿಯಂ ಕೀಲುಗಳಿಗೆ ಹೈಡ್ರಾಕ್ಸಿಅಪಟೈಟ್, ಇಂಧನಕೋಶಗಳಿಗೆ ಜಿರ್ಕೋನಿಯಾ. 1996ರಲ್ಲಿ ಪಾರ್ಥೊ ಸರ್ಕಾರ್ ಮತ್ತು ಪ್ಯಾಟ್ರಿಕ್ ನಿಕೋಲ್ಸನ್, 2007ರಲ್ಲಿ ಭುವನೇಶ್ವರದ ಲಕ್ಷ್ಮೀಧರ ಬೆಸ್ರಾ ಮತ್ತು ಮೆಯಿಲಿನ್ ಲಿಯು ಬರೆದ ಸಮೀಕ್ಷೆಗಳು ಈ ಕ್ಷೇತ್ರದವರು ಮೊದಲು ಓದುವಂಥವು. ವಿದ್ಯುತ್ ಹರಿಯದ ರಂಧ್ರಮಯ ತಳದ ಮೇಲೂ, ರಂಧ್ರಗಳ ಮೂಲಕ ದ್ರವವೇ ದಾರಿಯಾಗಿ, ಜಿರ್ಕೋನಿಯಾ ಕೂರಿಸಬಹುದೆಂದು ಬೆಸ್ರಾ ತಂಡ ತೋರಿಸಿತು. ಪಿಂಗಾಣಿ ಪುಡಿಗೆ ನೀರು ಹಿಡಿಸುವುದು ಕಷ್ಟ. ನೀರು ವಿಭಜನೆಯಾಗಿ ಎದ್ದ ಗುಳ್ಳೆಗಳು ಪದರದಲ್ಲಿ ತೂತು ಬಿಡುತ್ತವೆ. ಹಾಗಾಗಿ ಎಥನಾಲ್, ಅಸಿಟೋನ್ ಬಳಸುತ್ತಾರೆ. ಒಣಗುವಾಗಲೂ ಸುಡುವಾಗಲೂ ಪದರ ಕುಗ್ಗುತ್ತದೆ, ಕೆಳಗಿನ ಲೋಹ ಜೊತೆಗೆ ಕುಗ್ಗುವುದಿಲ್ಲ. ಬಿರುಕು ಬೀಳುವುದು ಅಲ್ಲೇ.