ಬ್ರೇಕಿನ ಕಪ್ಪು ಪುಡಿ

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಅಪ್ಪನ ಹಳೆಯ ವ್ಯಾಗನ್ ಆರ್ ಬ್ರೇಕು ಒತ್ತಿದಾಗಲೆಲ್ಲ ಕಿರ್ರನೆ ಕಿರುಚುತ್ತಿತ್ತು. ಹಾಸನದ ಹೊರವಲಯದ ಗ್ಯಾರೇಜಿಗೆ ಒಯ್ದೆವು. ಮುಂದಿನ ಚಕ್ರ ಬಿಚ್ಚಿದ ಮೆಕ್ಯಾನಿಕ್, “ಪ್ಯಾಡು ಪೂರ್ತಿ ಸವೆದಿದೆ ಮೇಷ್ಟ್ರೇ, ಇನ್ನೊಂದು ವಾರ ಓಡಿಸಿದ್ದಿದ್ರೆ ಡಿಸ್ಕೇ ಹೋಗೋದು” ಎಂದರು. ಹುಡುಗನನ್ನು ಕಳಿಸಿ ಅಂಗಡಿಯಿಂದ ಮೂರು ಡಬ್ಬ ತರಿಸಿ ಬಾನೆಟ್ಟಿನ ಮೇಲೆ ಇಟ್ಟರು. ಒಂದು ಕಾರು ಕಂಪನಿಯದೇ ಡಬ್ಬ. ಇನ್ನೊಂದು ಬಿಡಿಭಾಗಗಳ ಹೆಸರುವಾಸಿ ಕಂಪನಿಯದು. ಮೂರನೆಯದರ ಬೆಲೆ ಮೊದಲನೆಯದರ ಮೂರನೇ ಒಂದು ಭಾಗವೂ ಇರಲಿಲ್ಲ. ಅದರ ಮೇಲೆ ಕಾರಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ನಿವೃತ್ತ ಮೇಷ್ಟ್ರಾದ ಅಪ್ಪನ ಕೈ ಸಹಜವಾಗಿ ಮೂರನೆಯದರ ಕಡೆಗೇ ಹೋಯಿತು.

ನಾನು ಕಾರ್ಮಿಕರ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವುದರಿಂದಲೋ ಏನೋ, ಎಲ್ಲಿ ಅಕ್ಷರ ಕಂಡರೂ ಓದುವ ಚಟ. ಮೊದಲ ಎರಡು ಡಬ್ಬಗಳ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಆಸ್ಬೆಸ್ಟಾಸ್ ಫ್ರೀ’ ಎಂದಿತ್ತು. ಮೂರನೆಯದರಲ್ಲಿ ಇರಲಿಲ್ಲ. ಒಂದು ವಸ್ತುವಿನೊಳಗೆ ಏನು ಇಲ್ಲ ಎಂದು ಡಬ್ಬದ ಮೇಲೆ ಅಚ್ಚು ಹಾಕುತ್ತಾರೆಂದರೆ ಹಿಂದೆ ಅದು ಇತ್ತು ಎಂದೇ ಅರ್ಥ ತಾನೆ?

ಬ್ರೇಕಿನ ಕೆಲಸ ಉಜ್ಜುವುದು. ಓಡುವ ಗಾಡಿಯ ವೇಗವನ್ನು ಬಿಸಿಯಾಗಿ ಮಾರ್ಪಡಿಸುವುದು. ಉಜ್ಜುವ ವಸ್ತು ಸುಡಬಾರದು, ಜಾರಬಾರದು, ಬೇಗ ಸವೆಯಲೂಬಾರದು. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಈ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳದ್ದೇ. ಅದಕ್ಕೇ ಮುಂದಿನ ಪ್ಯಾಡು ಮೊದಲು ಸವೆಯುತ್ತದೆ.

1888ರ ಆಗಸ್ಟಿನಲ್ಲಿ ಬೆರ್ಟಾ ಬೆನ್ಜ್ ತನ್ನ ಗಂಡ ಕಾರ್ಲ್ ಬೆನ್ಜ್ ಮಾಡಿದ ಮೂರು ಚಕ್ರದ ಮೋಟಾರು ಗಾಡಿಯನ್ನು, ಅವನಿಗೂ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ ಓಡಿಸಿದಳು. ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದು ಹೋಯಿತು. ದಾರಿಯ ಹಳ್ಳಿಯೊಂದರಲ್ಲಿ ಪಾದರಕ್ಷೆ ಹೊಲಿಯುವವನನ್ನು ಹಿಡಿದು ಆ ಮರದ ತುಂಡುಗಳಿಗೆ ಚರ್ಮ ಹೊಡೆಸಿದಳು. ಮೋಟಾರು ಗಾಡಿಯ ಮೊದಲ ಬ್ರೇಕ್ ಲೈನಿಂಗ್ ಅದೇ ಎನ್ನುತ್ತಾರೆ. ಬ್ರೇಕಿಲ್ಲದ ಸೈಕಲ್ಲಿನ ಟಯರಿಗೆ ಹವಾಯಿ ಚಪ್ಪಲಿ ಒತ್ತಿ ಇಳಿಜಾರು ಇಳಿದ ನಮಗೆಲ್ಲ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಪ್ಪಲಿಯ ನೆಂಟು ಅಲ್ಲಿಗೆ ಮುಗಿಯುವುದಿಲ್ಲ. ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಳಲ್ಲಿ ಕುದುರೆ ಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ತುಂಡಿಗೆ ಹಳೆಯ ಬೂಟು ಸಿಕ್ಕಿಸುವುದನ್ನು ನೋಡಿದ ಹರ್ಬರ್ಟ್ ಫ್ರೂಡ್ ಎಂಬಾತ ಇದಕ್ಕಿಂತ ಒಳ್ಳೆಯದು ಮಾಡಬಹುದೆಂದು ಹೊರಟ. 1897ರಲ್ಲಿ ಶುರುವಾದ ಅವನ ಉದ್ಯಮವೇ ‘ಫೆರೋಡೊ’. ಫ್ರೂಡ್ ಎಂಬ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ, ಇನ್ನೊಂದು ಅಕ್ಷರ ಸೇರಿಸಿ ಕಟ್ಟಿದ ಹೆಸರು. ಮೊದಮೊದಲು ಹತ್ತಿಯಂಥ ನಾರುಗಳನ್ನೇ ಬಳಸಿದ. ಮೋಟಾರಿನ ವೇಗ ಏರಿದಂತೆ ಅವು ಸುಟ್ಟು ಕರಕಲಾದವು. 1908ರಲ್ಲಿ ಅವನು ಆಸ್ಬೆಸ್ಟಾಸಿಗೆ ಬಂದ.

ಕನ್ನಡದಲ್ಲಿ ಅದಕ್ಕೆ ಕಲ್ನಾರು ಎಂಬ ಸೊಗಸಾದ ಪದವಿದೆ. ಕಲ್ಲೂ ಹೌದು, ನಾರೂ ಹೌದು. ನೂಲಬಹುದು, ನೇಯಬಹುದು, ಆದರೆ ಸುಡಲಾಗದು. ಬ್ರೇಕಿಗೆ ಹೇಳಿ ಮಾಡಿಸಿದಂತಿತ್ತು. ಮುಂದಿನ ಮುಕ್ಕಾಲು ಶತಮಾನ ಜಗತ್ತಿನ ಲಾರಿ, ಬಸ್ಸು, ಕಾರುಗಳೆಲ್ಲ ಬಹುಪಾಲು ಈ ನಾರನ್ನು ಉಜ್ಜಿಕೊಂಡೇ ನಿಂತವು. ನಮ್ಮ ಹಾಸನಕ್ಕೂ ಇದು ಪರಕೀಯವಲ್ಲ. ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲಿ ಕಲ್ನಾರು ಇದೆ. ಭಾರತದ ನಿಕ್ಷೇಪಗಳ ಲೆಕ್ಕದಲ್ಲಿ ರಾಜಸ್ಥಾನದ ನಂತರದ ಸ್ಥಾನ ಕರ್ನಾಟಕದ್ದು.

ಅಪಾಯ ತಡವಾಗಿ ತಿಳಿಯಿತು ಎನ್ನುವುದು ಈ ಕಥೆಯಲ್ಲಿ ಸಾಮಾನ್ಯವಾಗಿ ಕೇಳುವ ಮಾತು. ದಾಖಲೆಗಳು ಹಾಗೆ ಹೇಳುವುದಿಲ್ಲ. ಬ್ರಿಟನ್ನಿನ ಮಹಿಳಾ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ 1898ರಲ್ಲೇ, ಅಂದರೆ ಫ್ರೂಡ್ ಕಲ್ನಾರು ಮುಟ್ಟುವುದಕ್ಕೆ ಹತ್ತು ವರ್ಷ ಮೊದಲೇ, ಆ ಧೂಳು ಆರೋಗ್ಯಕ್ಕೆ ಹಾನಿಕರ ಎಂದು ಬರೆದಿಟ್ಟಿದ್ದಳು. ರಾಚ್‌ಡೇಲಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ 1924ರಲ್ಲಿ, ಮೂವತ್ಮೂರನೆಯ ವಯಸ್ಸಿಗೆ, ಶ್ವಾಸಕೋಶ ಗಟ್ಟಿಯಾಗಿ ಸತ್ತಳು. ಡಾ. ವಿಲಿಯಂ ಕುಕ್ ಅವಳ ಶ್ವಾಸಕೋಶದಲ್ಲಿ ಕಂಡದ್ದನ್ನು ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ. ಕಂಪನಿ ಹೊಣೆ ಒಪ್ಪಲಿಲ್ಲ, ಶವಸಂಸ್ಕಾರದ ಖರ್ಚನ್ನೂ ಕೊಡಲಿಲ್ಲ. ಕೊಟ್ಟರೆ ಅದೇ ರೂಢಿಯಾದೀತು ಎಂಬ ಭಯ. ಅದೇ ದಶಕದಲ್ಲಿ ಆ ಬಳಗದ ಟರ್ನರ್ ಆಂಡ್ ನ್ಯೂವಾಲ್ ಸಂಸ್ಥೆ ಫೆರೋಡೊವನ್ನು ಕೊಂಡುಕೊಂಡಿತು.

ಬ್ರಿಟನ್ ಬಿಳಿ ಕಲ್ನಾರನ್ನು ನಿಷೇಧಿಸಿದ್ದು 1999ರಲ್ಲಿ. ಅಮೆರಿಕದ ಪರಿಸರ ಸಂಸ್ಥೆ 1989ರಲ್ಲಿ ತಂದ ನಿಷೇಧದ ಬಹುಭಾಗವನ್ನು ನ್ಯಾಯಾಲಯ 1991ರಲ್ಲಿ ಹೊಡೆದುಹಾಕಿತು. ಅಲ್ಲಿ ಬಿಳಿ ಕಲ್ನಾರಿಗೆ ನಿಷೇಧ ಬರಲು 2024ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಗಣಿಗಾರಿಕೆಗೆ ತಡೆ ಬಿದ್ದಿದೆಯೇ ಹೊರತು ಬಳಕೆಗಲ್ಲ. ರಷ್ಯಾದಿಂದ, ಬ್ರೆಜಿಲ್‌ನಿಂದ ಹಡಗಿನಲ್ಲಿ ಬರುತ್ತದೆ, ಹೆಚ್ಚಿನದು ಮನೆಯ ಮೇಲಿನ ಶೀಟಾಗುತ್ತದೆ.

ಭಾರತದ ಮಟ್ಟಿಗೆ ದೊಡ್ಡ ದಾಖಲೆಯೆಂದರೆ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದಿತು. ಕಲ್ನಾರಿನ ಗಣಿ, ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದಿತು. ಉಸಿರಿನಲ್ಲಿ ಒಳಹೋದ ನಾರು ರೋಗವಾಗಿ ಕಾಣಿಸಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯುವುದರಿಂದ ಆ ನಲವತ್ತು ವರ್ಷ. ಇದನ್ನು ಮೊದಲ ಸಲ ಓದಿದಾಗ ನನಗೆ ಒಂದು ತೀರ್ಪಿನ ಬಗ್ಗೆ ಅಪರೂಪಕ್ಕೆ ಪ್ರೀತಿ ಹುಟ್ಟಿತ್ತು.

ಆದರೆ ಹಾಜರಿ ಪುಸ್ತಕವೇ ಇಲ್ಲದ ಕಡೆ ಯಾರು ಯಾವ ದಾಖಲೆ ಇಡುವುದು?

ಬಾನೆಟ್ಟಿನ ಮೇಲಿನ ಡಬ್ಬ ತೋರಿಸಿ ಈ ‘ಫ್ರೀ’ ವಿಚಾರ ಕೇಳಿದಾಗ ಮೆಕ್ಯಾನಿಕ್ ನಕ್ಕರು. “ನಾವು ಕಲ್ತಿದ್ದೇ ಅದ್ರಲ್ಲಿ. ಆಗ ಲಾರಿ, ಅಂಬಾಸಿಡರ್ ಎಲ್ಲ ಡ್ರಮ್ಮು. ಶೂಗೆ ಹೊಸ ಲೈನರ್ ಇಟ್ಟು ರಿವೆಟ್ ಹೊಡೀಬೇಕು, ಕೂರ್ಲಿಲ್ಲ ಅಂದ್ರೆ ಅರ ಹಾಕಿ ಉಜ್ಜಬೇಕು. ಸಂಜೆ ಹೊತ್ತಿಗೆ ಮೀಸೆ ಬೆಳ್ಳಗಾಗೋದು.” ಕೆಲಸ ಕಲಿಸಿದ ಮೇಸ್ತ್ರಿ ಏನಾದರು ಎಂದೆ. “ಕೆಮ್ಮಿ ಕೆಮ್ಮಿಯೇ ಹೋದ್ರು. ಬೀಡಿ ಸೇದೋರು. ಡಾಕ್ಟ್ರೂ ಅದೇ ಅಂದ್ರು.”

ಇರಬಹುದು. ಬ್ರೇಕಿನ ಬಿಸಿಗೆ ಸವೆದ ನಾರಿನ ಬಹುಪಾಲು ಬೇರೆ ಖನಿಜವಾಗಿ ಮಾರ್ಪಟ್ಟು ಬಿಡುತ್ತದೆ, ಹಾಗಾಗಿ ಬ್ರೇಕಿನ ಧೂಳಿನಿಂದ ಅಷ್ಟೇನೂ ಅಪಾಯವಿಲ್ಲ ಎಂದು ಉದ್ಯಮದವರು ಬಹುಕಾಲ ವಾದಿಸಿದರು. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಅರ ಹಾಕಿದ್ದು ಮಾತ್ರ ಇನ್ನೂ ಬಿಸಿಯೇ ಕಾಣದ ಹೊಸ ಲೈನರಿಗೆ. ಜೊತೆಗೆ, ಧೂಮಪಾನ ಮತ್ತು ಕಲ್ನಾರು ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಷ್ಟೋ ಪಟ್ಟು ಹೆಚ್ಚುತ್ತದೆಂದು ಅಮೆರಿಕದ ವೈದ್ಯ ಇರ್ವಿಂಗ್ ಸೆಲಿಕಾಫ್ 1968ರಲ್ಲೇ ತೋರಿಸಿದ್ದರು. ನೆಲ್ಲಿ ಕರ್ಷಾಳ ಬಗ್ಗೆ ನೂರು ವರ್ಷದ ನಂತರ ಹಾಸನದಲ್ಲಿ ಕೂತು ನಾನು ಬರೆಯಬಲ್ಲೆ, ಏಕೆಂದರೆ ಅವಳಿಗೆ ಕಾರ್ಖಾನೆಯಿತ್ತು, ಪತ್ರಗಳಿದ್ದವು, ಮರಣ ವಿಚಾರಣೆಯಿತ್ತು. ಆ ಮೇಸ್ತ್ರಿಗೆ ಇದ್ದದ್ದು ಒಂದು ಬೀಡಿಕಟ್ಟು. ಅದೇ ಅವರ ಮರಣ ಪ್ರಮಾಣಪತ್ರವಾಯಿತು.

ಈಗಿನ ಪ್ಯಾಡುಗಳೂ ಸಾಧುಗಳೇನಲ್ಲ. ಕಲ್ನಾರಿನ ಜಾಗಕ್ಕೆ ಉಕ್ಕಿನ ಎಳೆ, ಅರಾಮಿಡ್, ತಾಮ್ರ ಬಂದವು. ಮಳೆನೀರಿನೊಂದಿಗೆ ಹರಿದ ತಾಮ್ರದ ಪುಡಿ ಸಾಲ್ಮನ್ ಮೀನುಗಳ ವಾಸನೆ ಹಿಡಿಯುವ ಶಕ್ತಿಯನ್ನೇ ಕೆಡಿಸುತ್ತದೆಂದು ತಿಳಿದ ಮೇಲೆ, 2010ರಲ್ಲಿ ಕ್ಯಾಲಿಫೋರ್ನಿಯಾ ಪ್ಯಾಡಿನಲ್ಲಿ ತಾಮ್ರವನ್ನು 2025ರೊಳಗೆ ಶೇ. 0.5ಕ್ಕೆ ಇಳಿಸುವ ಕಾನೂನು ತಂದಿತು.

ನಾವು ಎರಡನೇ ಡಬ್ಬ ತೆಗೆದುಕೊಂಡೆವು. ಅಪ್ಪನನ್ನು ಒಪ್ಪಿಸಿದ್ದು ನನ್ನ ಚರಿತ್ರೆಯಲ್ಲ, ಮೆಕ್ಯಾನಿಕ್ ಪ್ಯಾಡಿನ ಹಿಂಬದಿಯಲ್ಲಿ ತೋರಿಸಿದ ‘ಎಫ್‌ಎಫ್’ ಎಂಬ ಎರಡು ಅಕ್ಷರ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಪ್ಯಾಡು ಎಷ್ಟು ಹಿಡಿಯುತ್ತದೆ, ಎರಡನೆಯದು ಕಾದಾಗ ಎಷ್ಟು ಎಂಬುದರ ಗುರುತು; ಎರಡೂ ಒಂದೇ ಆಗಿದ್ದರೆ ಘಾಟಿ ಇಳಿಯುವಾಗ ಕೈಕೊಡುವುದಿಲ್ಲ ಎಂದರು. ಮೂರನೇ ಡಬ್ಬದ ಪ್ಯಾಡಿನ ಮೇಲೆ ಒಂದಕ್ಷರವೂ ಇರಲಿಲ್ಲ. ಗುರುತೇ ಇಲ್ಲದ್ದನ್ನು ಅಪ್ಪ ಜೀವಮಾನದಲ್ಲಿ ಎಂದೂ ನಂಬಿದವರಲ್ಲ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ಜೋರಾಗಿ ಬ್ರೇಕು ತುಳಿಯಬೇಡಿ, ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳಲಿ ಎಂದು ಮೆಕ್ಯಾನಿಕ್ ಎರಡು ಸಲ ಹೇಳಿದರು.

ಬಂದದ್ದಕ್ಕೆ ಹಿಂದಿನ ಡ್ರಮ್ಮನ್ನೂ ನೋಡಿಬಿಡೋಣ ಎಂದು ಬಿಚ್ಚಿಸಿದರು. ಒಳಗೆ ಗೇಣುದ್ದದ ಶೂಗಳ ಮೇಲೆ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಹದಿನಾರೋ ಹದಿನೇಳೋ ವಯಸ್ಸಿನ ಹುಡುಗ ಗಾಳಿಯ ಪೈಪು ಹಿಡಿದು ಬಂದು, ಬಾಯಿ ಮುಚ್ಚಿ, ಕಣ್ಣು ಕಿರಿದು ಮಾಡಿ ನಳಿಗೆಯನ್ನು ಡ್ರಮ್ಮಿನ ಕಡೆ ತಿರುಗಿಸಿದ. “ಒದ್ದೆ ಬಟ್ಟೇಲಿ ಒರೆಸಪ್ಪ” ಎಂದೆ. ಅವನು ನನ್ನನ್ನು ನೋಡಿದ, ಆಮೇಲೆ ಮೆಕ್ಯಾನಿಕ್ಕನ್ನು. ಅವರು ಒಂದು ಕ್ಷಣ ಸುಮ್ಮನಿದ್ದು, ಬಕೀಟಿನ ಕಡೆ ಕೈ ತೋರಿಸಿದರು.